ಮರಳುವ ದಾರಿ ಹೋಗುವಾಗಲೇ ಸಿದ್ಧವಾಗಬೇಕು

ಗದಗ-ಬೆಟಗೇರಿಯಿಂದ ಸಮುದ್ರ ಐದಾರು ಗಂಟೆಯ ದಾರಿ. ಹುಬ್ಬಳ್ಳಿ ದಾಟಿ, ಘಟ್ಟ ಇಳಿದು, ಹೊನ್ನಾವರದಿಂದ ತೆಂಕಣಕ್ಕೆ ಹೊರಳಿದರೆ ಮುರುಡೇಶ್ವರ ಸಿಗುತ್ತದೆ. ಈ ದಾರಿ ಹಿಡಿಯುವವರು ಹಿಂದೆ ದೇವರ ದರ್ಶನ ಮುಗಿಸಿ, ತೆರೆಯಲ್ಲಿ ಕಾಲು ತೋಯಿಸಿಕೊಂಡು ಊರಿಗೆ ಮರಳುತ್ತಿದ್ದರು. ಈಗ ಒಳನಾಡಿನ ಯುವಜನರ ಪ್ರವಾಸದ ಪಟ್ಟಿಗೆ ಅಲ್ಲಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪವೂ, ಅಲ್ಲಿನ ಸ್ಕೂಬಾ ಡೈವಿಂಗ್ ಕೂಡ ಸೇರಿವೆ. 2022ರಲ್ಲಿ ತೆರೆಕಂಡ ‘ಗಂಧದ ಗುಡಿ’ ಚಿತ್ರದಲ್ಲಿ ಪುನೀತ್ ರಾಜ್‌ಕುಮಾರ್ ಅದೇ ನೀರಿಗೆ ಇಳಿದದ್ದನ್ನು ಕನ್ನಡಿಗರು ನೋಡಿದ್ದಾರೆ. ಹೊರಡುವ ಮುನ್ನ ಹೊಸಬರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ: ಉಸಿರು ಕಟ್ಟುವುದಿಲ್ಲವೇ, ಶಾರ್ಕ್ ಇದೆಯೇ, ಈಜು ಬಾರದಿದ್ದರೂ ಆಗುತ್ತದೆಯೇ. ಇನ್ನೊಂದು ಪ್ರಶ್ನೆ ಬಹಳ ಅಪರೂಪಕ್ಕೆ ಕೇಳಿಬರುತ್ತದೆ: ನೀರಿನ ಅಡಿಯಲ್ಲಿ ಅಡ್ಡಾಡಿದ ಮೇಲೆ ಬೋಟು ಎಲ್ಲಿದೆ ಎಂದು ಗೊತ್ತಾಗುವುದು ಹೇಗೆ? ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು ಇದನ್ನೇ ಎಂಬುದು ಈ ಲೇಖನದ ವಾದ. ತಿರುಗಿ ಹೊರಟಾಗ ಮರಳುವ ದಾರಿಯನ್ನು ಹುಡುಕಲು ತೊಡಗಿದರೆ ತಡವಾಗಿರುತ್ತದೆ. ಹೋಗುವಾಗಲೇ ಅದನ್ನು ಕಟ್ಟಿಕೊಂಡು ಹೋಗಬೇಕು. ಅದಕ್ಕೆ ಒಂದೇ ಗುರುತು ಸಾಲದು, ಒಂದು ತಪ್ಪಿದರೆ ಇನ್ನೊಂದು ಹಿಡಿಯುವಂಥ ಹಲವು ಗುರುತುಗಳು ಬೇಕು.

ನೇತ್ರಾಣಿ ಭಟ್ಕಳ ತಾಲ್ಲೂಕಿಗೆ ಸೇರಿದ, ಜನವಸತಿ ಇಲ್ಲದ ಕಲ್ಲುಗುಡ್ಡದ ದ್ವೀಪ. ಪಾರಿವಾಳ ದ್ವೀಪ ಎಂಬ ಹೆಸರೂ ಅದಕ್ಕಿದೆ. ಅದರ ಕಡಿದಾದ ಬಂಡೆಗಳ ಮೇಲೆ ಬಿಳಿಹೊಟ್ಟೆಯ ಕಡಲ ಹದ್ದುಗಳು ಗೂಡು ಕಟ್ಟುತ್ತವೆ, ನೀರಿನ ಕೆಳಗೆ ಹವಳದ ಬಂಡೆಗಳ ನಡುವೆ ಬಣ್ಣಬಣ್ಣದ ಮೀನುಗಳು ಗುಂಪುಗುಂಪಾಗಿ ಬದುಕುತ್ತವೆ. ಮಳೆಗಾಲದಲ್ಲಿ ಸಮುದ್ರ ಒರಟಾಗಿರುವುದರಿಂದ ಡೈವಿಂಗ್ ನಡೆಯುವುದು ಅಕ್ಟೋಬರ್‌ನಿಂದ ಮೇವರೆಗೆ. ಮುರುಡೇಶ್ವರದಿಂದ ಹೊರಟ ಬೋಟು ದ್ವೀಪದ ಹತ್ತಿರ ಲಂಗರು ಹಾಕಿ ನಿಲ್ಲುತ್ತದೆ, ಇಳಿದವರು ಮತ್ತೆ ಅದೇ ಬೋಟಿಗೆ ಬರಬೇಕು. ಇಳಿಯುವವರಲ್ಲಿ ಎರಡು ಬಗೆ. ಮೊದಲ ಸಲ ಬಂದವರನ್ನು ತರಬೇತುದಾರ ಕೈಬಿಡದೆ ಹಿಡಿದುಕೊಂಡು, ಹೆಚ್ಚು ಆಳಕ್ಕೆ ಹೋಗದೆ, ಬೋಟಿನ ಆಸುಪಾಸಿನಲ್ಲೇ ಸುತ್ತಾಡಿಸುತ್ತಾರೆ. ಕೋರ್ಸ್ ಮುಗಿಸಿ ಪ್ರಮಾಣಪತ್ರ ಪಡೆದವರು ಜೋಡಿಯಾಗಿ ಇನ್ನೂ ದೂರ, ಇನ್ನೂ ಆಳಕ್ಕೆ ಹೋಗುತ್ತಾರೆ. ಇಂದು ಕೈ ಹಿಡಿಸಿಕೊಂಡು ಇಳಿದವರಲ್ಲಿ ಕೆಲವರು ನಾಳೆ ಕೋರ್ಸ್‌ಗೆ ಸೇರುತ್ತಾರೆ. ಬೋಟಿಗೆ ಮರಳುವ ಹೊಣೆ ಆಗ ತರಬೇತುದಾರನ ಕೈಯಿಂದ ಅವರ ಹೆಗಲಿಗೆ ಬರುತ್ತದೆ.

ಎರೆಹೊಲಗಳ ಬಯಲಿನಲ್ಲಿ ಬೆಳೆದವರಿಗೆ ದಿಕ್ಕು ತಪ್ಪುವುದೆಂದರೇನು ಎಂಬ ಅನುಭವ ಕಡಿಮೆ. ಗದಗಿನ ಬಳಿಯಿಂದ ಮುಂಡರಗಿಯ ತುಂಗಭದ್ರೆಯ ಕಡೆಗೆ ಹಬ್ಬಿರುವ ಕಪ್ಪತಗುಡ್ಡ, ಅದರ ಮೇಲಿನ ಗಾಳಿಯಂತ್ರಗಳು, ಊರೂರಿನ ಗುಡಿಯ ಗೋಪುರ, ಮಸೀದಿಯ ಮಿನಾರು, ಮೇಲೆ ಸೂರ್ಯ, ಹೀಗೆ ಒಂದಲ್ಲ ಒಂದು ಗುರುತು ಯಾವಾಗಲೂ ಕಣ್ಣಳತೆಯಲ್ಲಿರುತ್ತದೆ. ನಾವು ಎಲ್ಲಿದ್ದೇವೆ ಎಂದು ನಮಗೆ ತಾನಾಗಿಯೇ ಗೊತ್ತು ಎಂದುಕೊಳ್ಳುತ್ತೇವೆ. ಅದನ್ನು ಗೊತ್ತುಮಾಡಿಸುತ್ತಿರುವುದು ದೂರದ ಈ ಗುರುತುಗಳು. ನೀರಿಗೆ ಇಳಿದ ಕೂಡಲೇ ಅವೆಲ್ಲ ಇಲ್ಲವಾಗುತ್ತವೆ. ನೇತ್ರಾಣಿಯಲ್ಲಿ ನೀರು ತಿಳಿಯಾಗಿರುವ ದಿನವೂ ನೋಟ ಹದಿನೈದಿಪ್ಪತ್ತು ಮೀಟರ್‌ಗೆ ನಿಲ್ಲುತ್ತದೆ, ಕದಡಿದ ದಿನ ಅದಕ್ಕಿಂತ ಬಹಳ ಕಡಿಮೆ. ಕಾಣುವುದೂ ಇದ್ದ ಹಾಗೆ ಕಾಣುವುದಿಲ್ಲ. ನೀರಿನಿಂದ ಮಾಸ್ಕಿನೊಳಗಿನ ಗಾಳಿಗೆ ಬರುವಾಗ ಬೆಳಕು ಬಾಗುತ್ತದೆ. ಅದರಿಂದ ಎದುರಿನ ವಸ್ತು ಮೂರನೆಯ ಒಂದು ಪಾಲು ದೊಡ್ಡದಾಗಿ, ನಾಲ್ಕನೆಯ ಒಂದು ಪಾಲು ಹತ್ತಿರದಲ್ಲಿರುವಂತೆ ತೋರುತ್ತದೆ. ಕೆಂಪು ಬಣ್ಣವನ್ನು ಮೊದಲ ಕೆಲವೇ ಮೀಟರ್ ನೀರು ಹೀರಿಕೊಳ್ಳುವುದರಿಂದ ಕೆಂಪು ಗುರುತೊಂದು ಆಳದಲ್ಲಿ ಬೂದುಬಣ್ಣವಾಗುತ್ತದೆ. ಕಿವಿಯೂ ನೆರವಾಗದು. ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,500 ಮೀಟರ್ ವೇಗದಲ್ಲಿ, ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಬೇಗ, ಸಾಗುತ್ತದೆ. ಸದ್ದು ಒಂದು ಕಿವಿಗೂ ಇನ್ನೊಂದು ಕಿವಿಗೂ ಮುಟ್ಟುವ ನಡುವಿನ ಸಣ್ಣ ಅಂತರದಿಂದ ನಮ್ಮ ಮಿದುಳು ದಿಕ್ಕನ್ನು ಅಳೆಯುತ್ತದೆ. ನೀರಿನಲ್ಲಿ ಆ ಅಂತರವೇ ಬಹುಮಟ್ಟಿಗೆ ಕರಗಿಹೋಗುತ್ತದೆ. ಬೋಟಿನ ಇಂಜಿನ್ ಕೇಳಿಸುತ್ತದೆ, ಆದರೆ ಎಲ್ಲ ಕಡೆಯಿಂದಲೂ ಕೇಳಿಸುತ್ತದೆ.

ಇಷ್ಟಾದರೂ ನೇರವಾಗಿ ಹೋಗಿ ನೇರವಾಗಿ ಬಂದರಾಯಿತಲ್ಲ ಎಂದು ಅನಿಸಬಹುದು. ಮನುಷ್ಯನಿಗೆ ನೇರವಾಗಿ ಹೋಗುವುದೇ ಬರುವುದಿಲ್ಲ ಎಂಬುದಕ್ಕೆ ಪುರಾವೆ ಇದೆ. ಜರ್ಮನಿಯ ಮ್ಯಾಕ್ಸ್ ಪ್ಲ್ಯಾಂಕ್ ಸಂಸ್ಥೆಯ ಯಾನ್ ಸೌಮನ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವರನ್ನು ಜರ್ಮನಿಯ ದಟ್ಟ ಕಾಡಿನಲ್ಲಿ, ಕೆಲವರನ್ನು ಟುನೀಸಿಯಾದ ಮರುಭೂಮಿಯಲ್ಲಿ ಗಂಟೆಗಟ್ಟಲೆ ನಡೆಸಲಾಯಿತು. ಎಲ್ಲರಿಗೂ ಕೊಟ್ಟ ಸೂಚನೆ ಒಂದೇ, ನೇರವಾಗಿ ನಡೆಯಿರಿ ಎಂದು. ಸೂರ್ಯ ಕಾಣುತ್ತಿದ್ದಾಗ ನಡೆದವರು ಹೆಚ್ಚುಕಡಿಮೆ ನೇರವಾಗಿ ಹೋದರು. ಮೋಡ ಕವಿದ ದಿನ ಕಾಡಿನಲ್ಲಿ ನಡೆದವರು ಸುತ್ತು ಹಾಕಿದರು, ತಾವೇ ನಡೆದ ದಾರಿಯನ್ನು ಮತ್ತೆ ಮತ್ತೆ ದಾಟಿದರೂ ಅದು ಅವರಿಗೆ ತಿಳಿಯಲಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ನಡೆದವರ ಸುತ್ತುಗಳಲ್ಲಿ ಕೆಲವು 20 ಮೀಟರ್ ಅಡ್ಡಳತೆಯಷ್ಟು ಚಿಕ್ಕದಾಗಿದ್ದವು. ಒಂದು ಕಾಲು ಉದ್ದ, ಇನ್ನೊಂದು ಗಿಡ್ಡ ಇರುವುದರಿಂದ ಹೀಗಾಗುತ್ತದೆ ಎಂಬ ಹಳೆಯ ನಂಬಿಕೆಗೆ ಈ ಅಧ್ಯಯನದಲ್ಲಿ ಬೆಂಬಲ ಸಿಗಲಿಲ್ಲ, ಏಕೆಂದರೆ ಒಬ್ಬನೇ ಒಮ್ಮೆ ಎಡಕ್ಕೂ ಒಮ್ಮೆ ಬಲಕ್ಕೂ ಹೊರಳುತ್ತಿದ್ದ. ನೇರ ಯಾವುದು ಎಂಬ ನಮ್ಮ ಒಳ ಅಂದಾಜಿನಲ್ಲಿ ಹೆಜ್ಜೆಹೆಜ್ಜೆಗೂ ಸಣ್ಣ ತಪ್ಪು ಸೇರುತ್ತ ಹೋಗುತ್ತದೆ, ಹೊರಗಿನ ಗುರುತೊಂದು ತಿದ್ದದಿದ್ದರೆ ಆ ತಪ್ಪುಗಳು ಕೂಡಿ ಸುತ್ತಾಗುತ್ತವೆ. ಇಲ್ಲಿ ನಾವು ಗಮನಿಸಬೇಕಾದ ಮುಖ್ಯ ಸಂಗತಿ ಇದೆ. ಸುತ್ತು ಹಾಕುತ್ತಿದ್ದವರಿಗೆ ತಾವು ತಪ್ಪುತ್ತಿದ್ದೇವೆ ಎಂಬ ಅನುಮಾನವೂ ಬಂದಿರಲಿಲ್ಲ. ಆದ್ದರಿಂದ ನೀರಿನಡಿ ‘ಬೋಟು ಈ ಕಡೆಗೇ ಇದೆ’ ಎಂದು ಮನಸ್ಸು ಎಷ್ಟೇ ಗಟ್ಟಿಯಾಗಿ ಹೇಳಿದರೂ ಆ ಗಟ್ಟಿತನ ಪುರಾವೆಯಾಗುವುದಿಲ್ಲ.

ಹಾಗಾದರೆ ದಾರಿ ತಪ್ಪದ ಜೀವಿಗಳು ಏನು ಮಾಡುತ್ತವೆ? ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯೇ ಇದಕ್ಕೆ ನಮ್ಮ ಹತ್ತಿರದ ಪಾಠ. 2024ರಲ್ಲಿ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಈ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಮಧ್ಯ ಏಷ್ಯಾದ ಕಡೆಯಿಂದ ಹಿಮಾಲಯ ದಾಟಿ ಬರುತ್ತವೆ, ಸುತ್ತಲಿನ ಹೊಲಗಳಲ್ಲಿ ಮೇದು ಕೆರೆಗೆ ಮರಳುತ್ತವೆ, ಬೇಸಿಗೆ ಬರುವ ಹೊತ್ತಿಗೆ ಬಂದ ದಿಕ್ಕಿಗೇ ಹೊರಟುಹೋಗುತ್ತವೆ. ವಲಸೆ ಹಕ್ಕಿಗಳ ಮೇಲೆ ದಶಕಗಳಿಂದ ನಡೆದ ಸಂಶೋಧನೆ ಹೇಳುವುದೇನೆಂದರೆ, ಅವು ಯಾವುದೋ ಒಂದೇ ಶಕ್ತಿಯನ್ನು ನಂಬಿ ಹಾರುವುದಿಲ್ಲ. ಸೂರ್ಯ, ನಕ್ಷತ್ರಗಳು, ಭೂಮಿಯ ಕಾಂತಕ್ಷೇತ್ರ, ನೆಲದ ಗುರುತುಗಳು ಎಲ್ಲವನ್ನೂ ಬಳಸುತ್ತವೆ, ಒಂದರಿಂದ ಇನ್ನೊಂದನ್ನು ಸರಿಪಡಿಸಿಕೊಳ್ಳುತ್ತವೆ. ಸಹಾರಾದ ಮರುಭೂಮಿ ಇರುವೆಗಳದು ಇನ್ನೊಂದು ಪಾಠ. ಆಹಾರ ಹುಡುಕುತ್ತ ಅಂಕುಡೊಂಕಾಗಿ ಹೋದ ಇರುವೆ, ಆಹಾರ ಸಿಕ್ಕೊಡನೆ ನೇರ ಗೆರೆಯಲ್ಲಿ ಗೂಡಿಗೆ ಮರಳುತ್ತದೆ. 2006ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ವಿಜ್ಞಾನಿಗಳು ಆಹಾರದ ಬಳಿ ತಲುಪಿದ ಇರುವೆಗಳ ಕಾಲಿಗೆ ಹಂದಿಯ ಬಿರುಗೂದಲನ್ನು ಅಂಟಿಸಿ ಉದ್ದ ಮಾಡಿದರು. ಅವು ಗೂಡನ್ನು ದಾಟಿ ಮುಂದೆ ಹೋಗಿ ಹುಡುಕಿದವು. ಕಾಲು ಗಿಡ್ಡ ಮಾಡಿದವು ಗೂಡಿಗಿಂತ ಮುಂಚೆಯೇ ನಿಂತು ಹುಡುಕಿದವು. ಅಂದರೆ ಹೋಗುವಾಗ ಇಟ್ಟ ಹೆಜ್ಜೆಗಳ ಲೆಕ್ಕವನ್ನು ಇರುವೆ ಜೊತೆಗೆ ಕೊಂಡೊಯ್ಯುತ್ತಿತ್ತು. ದಿಕ್ಕಿಗೆ ಸೂರ್ಯ, ದೂರಕ್ಕೆ ಹೆಜ್ಜೆ. ಹೋಗುವ ಹೊತ್ತಿನಲ್ಲೇ ನಡೆದ ಈ ಲೆಕ್ಕವಿಲ್ಲದಿದ್ದರೆ ಮರಳುವ ನೇರ ಗೆರೆ ಅದಕ್ಕೆ ಸಿಗುತ್ತಲೇ ಇರಲಿಲ್ಲ.

ಮನುಷ್ಯನಿಗೆ ಈ ಲೆಕ್ಕ ಹುಟ್ಟಿನಿಂದ ಬರುವುದಿಲ್ಲ, ಆದರೆ ಕಲಿಯಬಹುದು. ಕಲಿಕೆ ಶುರುವಾಗುವುದು ಬೋಟಿನ ಮೇಲೆ. ನೀರಿಗೆ ಇಳಿಯುವ ಮೊದಲು ಡೈವರ್ ಸುತ್ತ ನೋಡಬೇಕು: ದ್ವೀಪ ಬೋಟಿನ ಯಾವ ಬದಿಗಿದೆ, ಸೂರ್ಯ ಎಲ್ಲಿದ್ದಾನೆ, ಲಂಗರಿನ ಹಗ್ಗ ಯಾವ ಕಡೆಗೆ ಎಳೆದುಕೊಂಡಿದೆ, ಸೆಳವು ಎತ್ತ ಹರಿಯುತ್ತಿದೆ. ಕರಾವಳಿಯ ಮೀನುಗಾರರು ಮೀನು ಸಿಗುವ ಜಾಗವನ್ನು ನೆನಪಿಡಲು ದಡದ ಎರಡು ಗುರುತುಗಳನ್ನು ಒಂದೇ ಗೆರೆಗೆ ತಂದು ನೋಡುತ್ತಾರೆ, ಇನ್ನೊಂದು ಬದಿಗೂ ಅಂಥದೇ ಗೆರೆ ಹಿಡಿದರೆ ಎರಡು ಗೆರೆ ಕೂಡುವಲ್ಲಿ ಜಾಗ ಗೊತ್ತಾಗುತ್ತದೆ. ಡೈವರ್ ಮಾಡುವುದೂ ಅದೇ ಬಗೆಯ ಕೆಲಸ. ಆಮೇಲೆ ಲಂಗರಿನ ಹಗ್ಗದ ಗುಂಟ ಇಳಿದು, ತಳ ಮುಟ್ಟಿದ ಕಡೆ ಒಂದು ನಿಮಿಷ ನಿಂತು, ಲಂಗರು ಎಷ್ಟು ಆಳದಲ್ಲಿದೆ, ಅದರ ಪಕ್ಕದ ಬಂಡೆ ಹೇಗಿದೆ ಎಂದು ಮನದಟ್ಟು ಮಾಡಿಕೊಳ್ಳಬೇಕು. ಹೋಗುವಾಗ ಸೆಳವಿಗೆ ಎದುರಾಗಿ ಹೋಗುವುದು ಹಳೆಯ ನಿಯಮ. ಮೈಯಲ್ಲಿ ಕಸುವು, ಸಿಲಿಂಡರಿನಲ್ಲಿ ಗಾಳಿ ಎರಡೂ ತುಂಬಿರುವಾಗ ಕಷ್ಟದ ಅರ್ಧ ಮುಗಿಯುತ್ತದೆ, ದಣಿದು ಮರಳುವಾಗ ನೀರೇ ಬೋಟಿನ ಕಡೆಗೆ ಒಯ್ಯುತ್ತದೆ. ಸೆಳವಿನ ಜೊತೆ ತೇಲಿ ಹೋದವರಿಗೆ ಹೋಗುವುದು ಸುಖ, ಅದೇ ಸುಖ ಮರಳುವಾಗ ಎದುರಾಳಿಯಾಗುತ್ತದೆ.

ತಳದಲ್ಲಿ ಸಾಗುವಾಗ ಗುರುತುಗಳಿಗೆ ಕೊರತೆ ಇಲ್ಲ, ಗಮನವಿಡಬೇಕಷ್ಟೆ. ದ್ವೀಪದ ಸುತ್ತ ನೆಲ ಒಂದು ಕಡೆಗೆ ಇಳಿಜಾರಾಗಿರುತ್ತದೆ. ಹೋಗುವಾಗ ಬಂಡೆಯ ಗೋಡೆ ಬಲಗಡೆಗಿದ್ದರೆ ಬರುವಾಗ ಎಡಗಡೆಗೆ ಇರಬೇಕು. ಒಂದೇ ಆಳದಲ್ಲಿ ಹೋಗಿದ್ದರೆ ಕೈಗೆ ಕಟ್ಟಿದ ಡೈವ್ ಕಂಪ್ಯೂಟರಿನ ಆಳದ ಅಂಕಿಯೇ ದಾರಿಯ ಗೆರೆಯಾಗುತ್ತದೆ. ಲಂಗರು 12 ಮೀಟರಿನಲ್ಲಿದ್ದರೆ, 18 ಮೀಟರಿನಲ್ಲಿ ಅದನ್ನು ಹುಡುಕುವುದು ವ್ಯರ್ಥ. ಮರಳಿನ ಮೇಲಿನ ಅಲೆಗೆರೆಗಳು ಮೇಲಿನ ತೆರೆ ಸಾಗುವ ದಿಕ್ಕಿಗೆ ಅಡ್ಡವಾಗಿ ಮೂಡುತ್ತವೆ, ಅವನ್ನು ಯಾವ ಕೋನದಲ್ಲಿ ದಾಟಿದೆವೆಂದು ನೆನಪಿಟ್ಟರೆ ಅದೇ ಕೋನದಲ್ಲಿ ಮರಳಬಹುದು. ಇವೆಲ್ಲಕ್ಕಿಂತ ಬೆಲೆಯುಳ್ಳ ಅಭ್ಯಾಸ ಒಂದಿದೆ, ಆಗಾಗ ಹಿಂದೆ ಹೊರಳಿ ನೋಡುವುದು. ಒಂದೇ ಬಂಡೆ ಹೋಗುವಾಗ ಒಂದು ಮುಖ, ಬರುವಾಗ ಇನ್ನೊಂದು ಮುಖ ತೋರಿಸುತ್ತದೆ. ಹೋಗುವಾಗ ಮುಂದಷ್ಟೇ ನೋಡಿದವರಿಗೆ ಮರಳುವ ದಾರಿ ಪೂರ್ತಿ ಹೊಸದು. ಪ್ರತಿ ಗುರುತನ್ನು ದಾಟಿದ ಮೇಲೆ ತಿರುಗಿ ನೋಡಿದವರು ಮರಳುವ ದಾರಿಯನ್ನು ಆಗಲೇ ಒಮ್ಮೆ ಕಂಡಿರುತ್ತಾರೆ.

ದಿಕ್ಸೂಚಿ ಇದ್ದರೆ ಇಷ್ಟೆಲ್ಲ ಯಾಕೆ ಎಂಬ ಪ್ರಶ್ನೆ ಸಹಜ. ಅದು ನೀರಿನಡಿಯಲ್ಲೂ ಕೆಲಸ ಮಾಡುತ್ತದೆ, ಬಹಳ ಉಪಯುಕ್ತವೂ ಹೌದು. ಅದರ ಮುಖದ ಮೇಲಿನ ನೇರ ಗೆರೆಯನ್ನು ಮೈಯ ನೇರಕ್ಕೆ ಹಿಡಿದು, ಸಮತಟ್ಟಾಗಿಟ್ಟು, ಸುತ್ತಲಿನ ಬಳೆಯನ್ನು ಮುಳ್ಳಿಗೆ ಹೊಂದಿಸಿ ಈಜಬೇಕು. 60 ಡಿಗ್ರಿಗೆ ಹೋದವರು 180 ಕೂಡಿಸಿ 240ಕ್ಕೆ ಮರಳಬೇಕು. ದೂರ ಅಳೆಯಲು ಕಾಲಿನ ಬಡಿತಗಳನ್ನು ಎಣಿಸುತ್ತಾರೆ. 30 ಮೀಟರಿನ ಹಗ್ಗವೊಂದರ ಗುಂಟ ಈಜಿ ತನಗೆ ಎಷ್ಟು ಬಡಿತ ಬೇಕೆಂದು ಮೊದಲೇ ತಿಳಿದುಕೊಂಡಿರುತ್ತಾರೆ, ಇರುವೆಯ ಹೆಜ್ಜೆಲೆಕ್ಕದಂತೆಯೇ. ಆದರೆ ದಿಕ್ಸೂಚಿ ಎಷ್ಟನ್ನು ಹೇಳುತ್ತದೆ, ಎಷ್ಟನ್ನು ಹೇಳುವುದಿಲ್ಲ ಎಂಬುದನ್ನು ಲೆಕ್ಕ ಹಾಕಿ ನೋಡೋಣ. ಕೈ ಸ್ವಲ್ಪ ವಾರೆಯಾಗಿಯೋ, ಹತ್ತಿರದ ಕಬ್ಬಿಣದ ಸಾಮಾನಿನಿಂದ ಮುಳ್ಳು ಸರಿದೋ 10 ಡಿಗ್ರಿ ತಪ್ಪಿದರೆ, 100 ಮೀಟರ್ ಈಜುವ ಹೊತ್ತಿಗೆ ನಾವು ಸುಮಾರು 17 ಮೀಟರ್ ಪಕ್ಕಕ್ಕಿರುತ್ತೇವೆ. ನೋಟ ಹತ್ತೇ ಮೀಟರ್ ಇರುವ ದಿನ ಲಂಗರಿನ ಹಗ್ಗ ಕಾಣದೇ ದಾಟಿಹೋಗಲು ಅಷ್ಟು ಸಾಕು. ಮುಳ್ಳು ಸರಿಯಾಗಿಯೇ ಇದ್ದರೂ ಅಪಾಯ ತಪ್ಪುವುದಿಲ್ಲ. ಸೆಕೆಂಡಿಗೆ 30 ಸೆಂಟಿಮೀಟರ್ ವೇಗದಲ್ಲಿ ಈಜುವವರಿಗೆ 100 ಮೀಟರಿಗೆ ಐದೂವರೆ ನಿಮಿಷ ಬೇಕು. ಆ ಹೊತ್ತಿನಲ್ಲಿ ಪಕ್ಕದಿಂದ ಸೆಕೆಂಡಿಗೆ ಬರಿ 10 ಸೆಂಟಿಮೀಟರ್ ಸೆಳವಿದ್ದರೂ ಅದು ನಮ್ಮನ್ನು 33 ಮೀಟರ್ ಆಚೆಗೆ ಒಯ್ದಿರುತ್ತದೆ. ನಮ್ಮ ಮುಖ ಯಾವ ಕಡೆಗಿದೆ ಎಂದು ದಿಕ್ಸೂಚಿ ಹೇಳುತ್ತದೆ, ನಮ್ಮ ಮೈ ಎತ್ತ ಸಾಗುತ್ತಿದೆ ಎಂದು ಹೇಳುವುದಿಲ್ಲ. ಅದನ್ನು ಹೇಳಬೇಕಾದದ್ದು ತಳದ ಬಂಡೆ, ಆಳದ ಅಂಕಿ, ಸೆಳವಿನ ಅರಿವು. ಆದ್ದರಿಂದ ದಿಕ್ಸೂಚಿಯನ್ನು ಹಲವು ಸಾಕ್ಷಿಗಳಲ್ಲಿ ಒಂದೆಂದು ಕಾಣಬೇಕು, ಅಂತಿಮ ತೀರ್ಪುಗಾರನೆಂದಲ್ಲ.

ಮರಳುವ ದಾರಿಗೆ ದಿಕ್ಕು, ದೂರ ಎರಡೇ ಅಲ್ಲ, ಉಸಿರೂ ಬೇಕು. ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಂತೆ ಒತ್ತಡ ಒಂದು ವಾಯುಮಂಡಲದಷ್ಟು ಹೆಚ್ಚುತ್ತದೆ, ಅದೇ ಪ್ರಮಾಣದಲ್ಲಿ ಪ್ರತಿ ಉಸಿರಿಗೂ ಹೆಚ್ಚು ಗಾಳಿ ಖರ್ಚಾಗುತ್ತದೆ. 11 ಲೀಟರ್ ಸಿಲಿಂಡರಿನಲ್ಲಿ 200 ಬಾರ್ ಒತ್ತಡಕ್ಕೆ ಗಾಳಿ ತುಂಬಿದರೆ ಸುಮಾರು 2,200 ಲೀಟರ್ ಆಗುತ್ತದೆ. ನೀರಿನ ಮೇಲೆ ನಿಮಿಷಕ್ಕೆ 20 ಲೀಟರ್ ಎಳೆದುಕೊಳ್ಳುವವರು 20 ಮೀಟರ್ ಆಳದಲ್ಲಿ 60 ಲೀಟರ್ ಎಳೆದುಕೊಳ್ಳುತ್ತಾರೆ. ಮುಟ್ಟಬಾರದೆಂದು ಬಿಡುವ 50 ಬಾರ್ ಕಳೆದರೆ ಅವರಿಗೆ ಅಲ್ಲಿ ಉಳಿಯುವುದು ಅರ್ಧ ಗಂಟೆಗೂ ಕಡಿಮೆ. ಬಳಸಬಹುದಾದ 150 ಬಾರಿನಲ್ಲಿ ಅರ್ಧ ಹೋಗಲು, ಅರ್ಧ ಬರಲು ಎಂದು ಇಟ್ಟರೂ ಮಾಪಕ 125 ತೋರಿಸುವಾಗ ತಿರುಗಲೇಬೇಕು. ಗುಹೆಗಳಲ್ಲಿ ಮುಳುಗುವವರು ಇನ್ನೂ ಬಿಗಿಯಾದ ನಿಯಮ ಪಾಲಿಸುತ್ತಾರೆ: ಗಾಳಿಯಲ್ಲಿ ಮೂರನೆಯ ಒಂದು ಪಾಲು ಹೋಗಲು, ಒಂದು ಪಾಲು ಬರಲು, ಒಂದು ಪಾಲು ಆಪತ್ತಿಗೆ. ಹೆದರಿದಾಗ, ದಣಿದಾಗ ಉಸಿರಾಟ ಜೋರಾಗುವುದನ್ನೂ ಇದಕ್ಕೆ ಸೇರಿಸಿ. ದಾರಿ ತಪ್ಪಿದೆ ಎಂಬ ಗಾಬರಿಯೇ ಮರಳಲು ಬೇಕಾದ ಗಾಳಿಯನ್ನು ತಿನ್ನತೊಡಗುತ್ತದೆ. ಹೀಗಾಗಿ ಎಲ್ಲಿ ತಿರುಗಬೇಕು ಎಂಬ ನಿರ್ಧಾರವನ್ನು ಎದುರಿನ ಮೀನು ಎಷ್ಟು ಚೆಂದವಿದೆ ಎಂಬುದಕ್ಕೆ ಬಿಡಬಾರದು. ಬೋಟಿನ ಮೇಲೆ, ತಲೆ ತಣ್ಣಗಿರುವಾಗ, ಅಂಕಿಯಲ್ಲಿ ಅದನ್ನು ಗೊತ್ತುಮಾಡಿಕೊಂಡಿರಬೇಕು.

ಇಲ್ಲಿ ಕೆಲವು ಆಕ್ಷೇಪಗಳಿಗೆ ಉತ್ತರ ಹೇಳಬೇಕು. ಮೊದಲನೆಯದು, ಗೈಡ್ ಇರುತ್ತಾರಲ್ಲ, ದಾರಿಯ ಚಿಂತೆ ಅವರದು ಎಂಬುದು. ಮೊದಲ ಸಲ ಇಳಿಯುವವರ ಮಟ್ಟಿಗೆ ಈ ಮಾತು ಸರಿ. ಅವರ ಕೆಲಸ ಉಸಿರಾಡುವುದು, ಹೇಳಿದ್ದನ್ನು ಕೇಳುವುದು. ಆದರೆ ಕೋರ್ಸ್ ಮುಗಿಸಿದವರಿಗೂ ಇದೇ ಮಾತು ಸರಿಯೆಂದಾದರೆ, ಗೈಡಿನಿಂದ ಬೇರ್ಪಟ್ಟ ಕ್ಷಣ ಅವರ ಬಳಿ ಏನೂ ಉಳಿಯುವುದಿಲ್ಲ. ಹತ್ತು ಮೀಟರ್ ನೋಟದ ನೀರಿನಲ್ಲಿ ಮಾಸ್ಕ್ ಸರಿಪಡಿಸಿಕೊಳ್ಳಲು ನಿಂತರೂ ಬೇರ್ಪಡಬಹುದು. ಅದಕ್ಕೇ ಎಲ್ಲ ತರಬೇತಿಗಳೂ ಒಂದು ನಿಯಮ ಕಲಿಸುತ್ತವೆ: ಜೋಡಿಗಾರ ಕಾಣದಾದರೆ ಒಂದು ನಿಮಿಷಕ್ಕಿಂತ ಹೆಚ್ಚು ಹುಡುಕಬಾರದು, ನಿಧಾನವಾಗಿ ಮೇಲೆ ಬಂದು ಅಲ್ಲಿ ಕೂಡಬೇಕು. ಶಿರಹಟ್ಟಿ ಫಕೀರೇಶ್ವರ ಜಾತ್ರೆಗೆ ಹೋಗುವ ಮನೆಮಂದಿ, ಗದ್ದಲದಲ್ಲಿ ತಪ್ಪಿಸಿಕೊಂಡರೆ ಎಲ್ಲಿ ಬಂದು ನಿಲ್ಲಬೇಕೆಂದು ಮೊದಲೇ ಮಾತಾಡಿಕೊಂಡಿರುವ ಹಾಗೆ. ಮೊದಲೇ ಮಾತಾಗಿದ್ದರೆ ಮಾತ್ರ ಈ ನಿಯಮ ಕೆಲಸ ಮಾಡುತ್ತದೆ. ಒಬ್ಬ ಮೇಲೆ ಬಂದು ಕಾಯುತ್ತ, ಇನ್ನೊಬ್ಬ ಕೆಳಗೆ ಹುಡುಕುತ್ತ ಉಳಿದರೆ ಇಬ್ಬರೂ ಅಪಾಯದಲ್ಲಿರುತ್ತಾರೆ. ಡೈವಿಂಗ್ ತರಬೇತಿಯ ಪ್ಯಾಡಿ ಸಂಸ್ಥೆಯ ಎರಡನೆಯ ಹಂತದ ಕೋರ್ಸಿನಲ್ಲಿ ಕಡ್ಡಾಯವಾಗಿ ಇರುವ ಡೈವ್‌ಗಳು ಎರಡೇ, ಒಂದು ಆಳದ್ದು, ಇನ್ನೊಂದು ದಿಕ್ಕು ಹಿಡಿಯುವುದರದು. ಉಳಿದವನ್ನು ಇಷ್ಟದಂತೆ ಆರಿಸಿಕೊಳ್ಳಬಹುದು. ತರಬೇತಿ ಕೊಡುವವರೇ ಇದನ್ನು ಎಷ್ಟು ಮುಖ್ಯವೆಂದು ಕಾಣುತ್ತಾರೆ ಎಂಬುದಕ್ಕೆ ಇದು ಸಾಕ್ಷಿ.

ಎರಡನೆಯ ಆಕ್ಷೇಪ ತಂತ್ರಜ್ಞಾನದ್ದು. ಗದಗಿನ ಓಣಿಯಲ್ಲಿ ಮನೆ ಹುಡುಕಿಕೊಡುವ ಫೋನು ಸಮುದ್ರದಲ್ಲಿ ಬೋಟನ್ನು ಯಾಕೆ ಹುಡುಕಿಕೊಡುವುದಿಲ್ಲ? ಉಪಗ್ರಹಗಳಿಂದ ಬರುವ ಜಿಪಿಎಸ್ ಸಂಕೇತ ರೇಡಿಯೋ ಅಲೆ, ಉಪ್ಪುನೀರು ಅದನ್ನು ಮೇಲ್ಪದರದಲ್ಲೇ ನುಂಗಿಬಿಡುತ್ತದೆ. ನೀರಿನಲ್ಲಿ ದೂರ ಸಾಗುವುದು ಸದ್ದು, ಅದರ ಮೇಲೆ ನಿಂತ ಉಪಕರಣಗಳೂ ಇವೆ. ಆದರೆ ಅವು ದುಬಾರಿ, ಪ್ರವಾಸಿಗರ ಬೋಟುಗಳಲ್ಲಿ ಸಾಮಾನ್ಯವಲ್ಲ, ಬ್ಯಾಟರಿ ಮುಗಿದರೆ ಅವೂ ಮುಗಿದವು. ಉಪಕರಣ ಬೇಡವೆಂದು ಯಾರೂ ಹೇಳಬೇಕಾಗಿಲ್ಲ. ಆದರೆ ಅದು ಕೈಕೊಟ್ಟಾಗ ಹಿಂದಿನ ಹತ್ತು ನಿಮಿಷ ಎತ್ತ ಬಂದೆವು ಎಂಬುದು ತಲೆಯಲ್ಲಿ ಇರಬೇಕು, ಅದು ಇರುವುದು ನೋಡಿಕೊಂಡು ಬಂದವರಿಗೆ ಮಾತ್ರ. ನೋಟವೇ ಇಲ್ಲದ ನೀರಿನಲ್ಲಿ ಇಂದಿಗೂ ವೃತ್ತಿಪರರು ನಂಬುವುದು ಮೈಗೆ ಕಟ್ಟಿದ, ಮೇಲೊಬ್ಬರು ಹಿಡಿದು ನಿಂತ ಹಗ್ಗವನ್ನು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಗಂಗಾವಳಿ ನದಿಯಲ್ಲಿ ನಡೆದ ಶೋಧವನ್ನು ನೆನೆಯಬಹುದು. ನೌಕಾಪಡೆಯ ಮುಳುಗುಗಾರರು ಬಂದರು, ಮಲ್ಪೆಯ ಮುಳುಗುಗಾರ ಈಶ್ವರ ಮಲ್ಪೆ ನೀರಿಗಿಳಿದರು. ಆದರೆ ಕೆಂಪು ನೀರು, ಮಳೆಗಾಲದ ಸೆಳವು ಶೋಧವನ್ನು ಮತ್ತೆ ಮತ್ತೆ ತಡೆದವು. ಆ ಕುಸಿತದಲ್ಲಿ ಕಾಣೆಯಾಗಿದ್ದ ಲಾರಿಯೊಂದು ಡ್ರೆಜ್ಜರ್ ನೆರವಿನಿಂದ ಸಿಕ್ಕಿದ್ದು ಸೆಪ್ಟೆಂಬರ್ 25ರಂದು. ನುರಿತವರನ್ನೂ ನಿಲ್ಲಿಸುವ ನೀರು ಇದೆ ಎಂಬುದನ್ನು ತುಂಗಭದ್ರೆಯ ದಂಡೆಯ ಮುಂಡರಗಿ ಸೀಮೆಯವರು ಮರೆಯಬಾರದು. ನೇತ್ರಾಣಿಯ ತಿಳಿನೀರಿನಲ್ಲಿ ಕಲಿತದ್ದನ್ನು ಹಮ್ಮಿಗಿ ಬ್ಯಾರೇಜಿನ ಬಳಿಯೋ, ಕಲ್ಲುಕ್ವಾರಿಯ ಹೊಂಡದಲ್ಲೋ ಪರೀಕ್ಷಿಸಲು ಹೋಗುವುದು ಸಾಹಸವಲ್ಲ, ಸಾವಿಗೆ ಕೊಡುವ ಕರೆ.

ಮೂರನೆಯ ಆಕ್ಷೇಪವೇ ಹೆಚ್ಚು ಗಟ್ಟಿಯಾದದ್ದು. ದಾರಿ ತಪ್ಪಿದರೆ ಮೇಲೆ ಬಂದು ಬೋಟು ಎಲ್ಲಿದೆ ನೋಡಿದರಾಯಿತು, ಆಕಾಶ ಎಲ್ಲಿಗೂ ಹೋಗುವುದಿಲ್ಲ ಎಂಬುದು. ಇದನ್ನು ಒಪ್ಪಬೇಕು. ಗುರುತು ಸಿಗದೆ ಕೆಳಗೇ ಅಲೆಯುವುದಕ್ಕಿಂತ ನಿಧಾನವಾಗಿ, ನಿಮಿಷಕ್ಕೆ 9 ಮೀಟರಿಗಿಂತ ಹೆಚ್ಚಿಲ್ಲದಂತೆ ಏರಿ, 5 ಮೀಟರಿನಲ್ಲಿ ಮೂರು ನಿಮಿಷ ತಂಗಿ, ಮೇಲೆ ಬರುವುದೇ ಸರಿ. ಹಾಗೆ ಮಾಡುವುದರಲ್ಲಿ ನಾಚಿಕೆ ಪಡಬೇಕಾದದ್ದೇನೂ ಇಲ್ಲ. ಆದರೆ ಅದನ್ನೇ ಮೊದಲ ಯೋಜನೆ ಮಾಡಿಕೊಳ್ಳಬಾರದು. ಮೇಲೆ ಏರಿದ ಕಡೆ ಬೇರೆ ಬೋಟೊಂದರ ಪ್ರೊಪೆಲ್ಲರ್ ಇರಬಹುದು. ಸೆಳವು ಗಂಟೆಗೆ ಒಂದು ನಾಟಿಕಲ್ ಮೈಲಿನಷ್ಟಿದ್ದರೆ, ಅಂದರೆ ಸಾಧಾರಣ ನಡಿಗೆಗಿಂತ ನಿಧಾನವಿದ್ದರೂ, ಹತ್ತೇ ನಿಮಿಷದಲ್ಲಿ 300 ಮೀಟರ್ ಒಯ್ಯುತ್ತದೆ. ಅದಕ್ಕೆ ಎದುರಾಗಿ ಈಜಿ ಗೆಲ್ಲುವ ಶಕ್ತಿ ಸಲಕರಣೆ ಹೊತ್ತ ಹೆಚ್ಚಿನವರಿಗೆ ಇರುವುದಿಲ್ಲ. ನೀರಿನಲ್ಲಿ ತೇಲುವವರ ಕಣ್ಣು ಮೇಲ್ಮೈಯಿಂದ ಒಂದು ಗೇಣಿನಷ್ಟೇ ಎತ್ತರದಲ್ಲಿರುವುದರಿಂದ ಅವರಿಗೆ ದಿಗಂತವೇ ಒಂದೂವರೆ ಕಿಲೋಮೀಟರಿಗೆ ಮುಗಿಯುತ್ತದೆ, ನಡುವೆ ತೆರೆ ಎದ್ದರೆ ಅಷ್ಟೂ ಇಲ್ಲ. ಬೋಟಿನ ಮೇಲಿನವರಿಗೆ ಅಲೆಗಳ ನಡುವೆ ಒಂದು ತಲೆಯನ್ನು ಗುರುತಿಸುವುದು ಇನ್ನೂ ಕಷ್ಟ. ಅದಕ್ಕಾಗಿ ಗಾಳಿ ತುಂಬಿ ಮೇಲೆ ಬಿಡುವ ಕಿತ್ತಳೆ ಬಣ್ಣದ ಉದ್ದನೆಯ ಗುರುತುಚೀಲ, ಸೀಟಿ, ಬಿಸಿಲು ಹೊಳೆಯಿಸುವ ಕನ್ನಡಿ ಇವನ್ನು ಜೊತೆಗೆ ಒಯ್ಯುತ್ತಾರೆ. ಇವೂ ನೀರಿಗೆ ಇಳಿಯುವ ಮುನ್ನವೇ ಜೇಬಿನಲ್ಲಿರಬೇಕಾದವು. ಮೇಲೆ ಬಂದು ನೋಡುವ ಉಪಾಯಕ್ಕೂ ಮುಂಚಿನ ತಯಾರಿಯೇ ಬೇಕೆಂದಾಯಿತು.

ಕೊನೆಯದಾಗಿ, ಮರಳುವ ದಾರಿಯ ಇನ್ನೊಂದು ತುದಿಯಲ್ಲಿ ಬೋಟು ಇರಬೇಕು. ಇದು ಹೇಳಬೇಕಾದ ಮಾತೇ ಎಂದು ಅನಿಸಬಹುದು, ಹೇಳಲೇಬೇಕಾದ ಮಾತು. 1998ರ ಜನವರಿಯಲ್ಲಿ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಡೈವಿಂಗ್‌ಗೆ ಹೋದ ಅಮೆರಿಕದ ದಂಪತಿಯನ್ನು ಬಿಟ್ಟು ಬೋಟು ದಡಕ್ಕೆ ಮರಳಿತು. ತಲೆ ಎಣಿಕೆ ಸರಿಯಾಗಿ ಆಗಿರಲಿಲ್ಲ. ಅವರು ಬಂದಿಲ್ಲವೆಂದು ಯಾರಿಗಾದರೂ ಗೊತ್ತಾಗಲು ಎರಡು ದಿನ ಹಿಡಿಯಿತು, ಅವರು ಸಿಗಲೇ ಇಲ್ಲ. ಆ ಬಳಿಕ ಅಲ್ಲಿನ ಕ್ವೀನ್ಸ್‌ಲ್ಯಾಂಡ್ ರಾಜ್ಯ ತಲೆ ಎಣಿಕೆಯ ನಿಯಮಗಳನ್ನು ಬಿಗಿಗೊಳಿಸಿತು. ನೀರಿನಡಿ ಡೈವರ್ ಎಷ್ಟೇ ಜಾಣನಾಗಿದ್ದರೂ ಮೇಲಿನವರ ಪಟ್ಟಿಯಲ್ಲಿ ಅವನ ಹೆಸರಿಲ್ಲದಿದ್ದರೆ ಆ ಜಾಣತನದಿಂದ ಪ್ರಯೋಜನವಿಲ್ಲ. ಹಲವು ಸಾಕ್ಷಿಗಳು ಬೇಕು ಎಂಬ ತತ್ವ ಇಲ್ಲಿಗೂ ಅನ್ವಯಿಸುತ್ತದೆ: ಇಳಿಯುವವರ ನೆನಪು ಒಂದು, ಜೋಡಿಗಾರನ ಕಣ್ಣು ಇನ್ನೊಂದು, ಬೋಟಿನ ಮೇಲಿನ ಪಟ್ಟಿ ಮತ್ತೊಂದು.

ಹಾಗಾದರೆ ಗದಗ ಸೀಮೆಯಿಂದ ಹೊರಡುವ ಸಾಮಾನ್ಯ ಓದುಗರು ಮಾಡಬೇಕಾದದ್ದೇನು? ಟಿಕೆಟಿನ ದರ, ನೀರಿನಡಿ ತೆಗೆದುಕೊಡುವ ಫೋಟೊಗಳ ಸಂಖ್ಯೆ ಇವನ್ನು ವಿಚಾರಿಸುವಷ್ಟೇ ಸಹಜವಾಗಿ ಕೆಲವು ಪ್ರಶ್ನೆ ಕೇಳಬೇಕು. ಇಂದು ನೀರಿನ ನೋಟ ಎಷ್ಟಿದೆ, ಸೆಳವು ಎತ್ತ ಇದೆ? ಒಬ್ಬ ತರಬೇತುದಾರನಿಗೆ ಎಷ್ಟು ಜನ? ಬೇರ್ಪಟ್ಟರೆ ಏನು ಮಾಡಬೇಕು? ಇಳಿದವರ, ಏರಿದವರ ಪಟ್ಟಿಯನ್ನು ಯಾರು ಬರೆದುಕೊಳ್ಳುತ್ತಾರೆ? ಎಲ್ಲರೂ ನೀರಿನಲ್ಲಿರುವಾಗ ಬೋಟಿನ ಮೇಲೆ ನಿಗಾ ಇಡುವವರು ಯಾರು? ಉತ್ತರಗಳು ಕನ್ನಡದಲ್ಲಿ, ಬಿಡಿಸಿ, ಎಲ್ಲರಿಗೂ ಅರ್ಥವಾಗುವಂತೆ ಬರಬೇಕು. ಜೀವಕ್ಕೆ ಸಂಬಂಧಿಸಿದ ಸೂಚನೆಯನ್ನು ತಿಳಿಯದ ಭಾಷೆಯಲ್ಲಿ ಕೇಳಿಸಿಕೊಂಡು ತಲೆಯಾಡಿಸುವುದು ಸಂಕೋಚದ ಮಾತಲ್ಲ, ಅಪಾಯದ ಮಾತು. ಕೋರ್ಸಿಗೆ ಸೇರುವವರು ದಿಕ್ಕು ಹಿಡಿಯುವ ಅಭ್ಯಾಸವನ್ನು ಮೊದಲು ನೆಲದ ಮೇಲೆ, ದಿಕ್ಸೂಚಿ ಹಿಡಿದು ಬಯಲಿನಲ್ಲಿ ಚೌಕಾಕಾರವಾಗಿ ನಡೆದು ಹೊರಟ ಜಾಗಕ್ಕೆ ಬರುವ ಮೂಲಕ, ಶುರು ಮಾಡಬಹುದು. ಅದಕ್ಕೆ ಸಮುದ್ರ ಬೇಕಾಗಿಲ್ಲ, ನಮ್ಮ ಎರೆಹೊಲ ಸಾಕು. ನೇತ್ರಾಣಿಯ ಹವಳ, ಮೀನು ನೋಡಲೇಬೇಕಾದಷ್ಟು ಸುಂದರ, ಅದನ್ನು ನೋಡುವ ಆಸೆ ಒಳನಾಡಿನವರಿಗೂ ನ್ಯಾಯವಾದದ್ದೇ. ಆ ಆಸೆಗೆ ನಿಲ್ಲುವ ನೆಲೆ ಮಾತ್ರ ಮರಳುವ ಯೋಜನೆ. ಆ ಯೋಜನೆ ಏನೆಂದು ಬೋಟಿನವರು ಸ್ಪಷ್ಟವಾಗಿ ಹೇಳಲಾರದ ದಿನ, ಕೊಟ್ಟ ಹಣ ಹೋದರೂ ಚಿಂತೆಯಿಲ್ಲ, ನೀರಿಗೆ ಇಳಿಯದೇ ಇರುವುದೇ ಸರಿಯಾದ ತೀರ್ಮಾನ.